ಬಸ್ಸೋ, ನೆರಳೋ, ಇನ್ನಷ್ಟು ಪಾರ್ಕಿಂಗೋ? ಕಲಬುರಗಿ ಸೀಮೆಯ ವಿಶ್ವವಿದ್ಯಾಲಯಗಳಿಗೆ ಹೋಲಿಕೆಯ ಮಾರ್ಗದರ್ಶಿ

ವಿಭಾಗದ ಬಾಗಿಲಿಗೇ ಬೈಕುಗಳು ಅಡ್ಡ ನಿಲ್ಲುತ್ತವೆ, ದೊಡ್ಡದೊಂದು ಪಾರ್ಕಿಂಗ್ ತಾಣ ಕಟ್ಟಿಸಿ ಎನ್ನುತ್ತಾರೆ ಬೋಧಕರು. ಗ್ರಂಥಾಲಯದಲ್ಲಿ ಕತ್ತಲಾಗುವವರೆಗೆ ಓದಿದರೆ ಊರಿಗೆ ಹೋಗಲು ಬಸ್ಸಿರುವುದಿಲ್ಲ ಎನ್ನುತ್ತಾರೆ ವಿದ್ಯಾರ್ಥಿನಿಯರು. ಬ್ಯಾಟರಿ ಬಂಡಿ ತರಿಸೋಣ, ಹಸಿರು ಕ್ಯಾಂಪಸ್ ಎಂಬ ಹೆಸರೂ ಬರುತ್ತದೆ ಎಂಬುದು ಆಡಳಿತದ ಒಲವು. ಸೈಕಲ್ ಪಥ, ಸೌರ ಚಾವಣಿ, ಚಾರ್ಜಿಂಗ್ ಕೇಂದ್ರ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಸಮಿತಿಯ ಸಭೆಯಲ್ಲಿ ಇವೆಲ್ಲವೂ ಒಳ್ಳೆಯವೇ ಅನ್ನಿಸುತ್ತವೆ. ಹಣ ಮಾತ್ರ ಒಂದೆರಡಕ್ಕೆ ಸಾಲುವಷ್ಟು ಇರುತ್ತದೆ. ಯಾವುದನ್ನು ಮೊದಲು ಹಿಡಿಯಬೇಕು ಎಂದು ಕೇಳುತ್ತಿರುವ ಅಧ್ಯಾಪಕರು, ವಿದ್ಯಾರ್ಥಿ ಪ್ರತಿನಿಧಿಗಳು, ಆಡಳಿತ ಕಚೇರಿಯ ಮಿತ್ರರು ಇವರಿಗಾಗಿ ಈ ಬರಹ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಜನರನ್ನು ಬೈಕು ಕಾರುಗಳಿಗೆ ಕಟ್ಟಿಹಾಕಿರುವುದು ಬಿಸಿಲು ಮತ್ತು ಬಸ್ಸಿನ ಹೊತ್ತು. ಇವೆರಡನ್ನು ಬಿಟ್ಟು ಬೇರೆ ಯಾವುದಕ್ಕೆ ಹಣ ಸುರಿದರೂ ಪಾರ್ಕಿಂಗ್ ಕೊರತೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ಪ್ರತಿ ಕ್ಯಾಂಪಸ್ಸಿಗೂ ಒಂದೇ ಉತ್ತರವಿಲ್ಲ. ಆದ್ದರಿಂದ ಅಳತೆಗೋಲುಗಳಿಂದಲೇ ಆರಂಭಿಸೋಣ.

ಯಾವುದರಿಂದ ಅಳೆಯಬೇಕು

ಮೊದಲನೆಯದು ದೂರ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಸೇಡಂ ರಸ್ತೆಯಲ್ಲಿದೆ, ನಗರದ ನಡುಭಾಗದಿಂದ ಹೆಚ್ಚುಕಡಿಮೆ ಹತ್ತು ಕಿಲೋಮೀಟರ್. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದೆ, ಸುಮಾರು ಮೂವತ್ತು ಕಿಲೋಮೀಟರ್. ನಗರದೊಳಗಿನ ಖಾಸಗಿ ವಿಶ್ವವಿದ್ಯಾಲಯಗಳಿಗೆ ಬಹುಪಾಲು ವಿದ್ಯಾರ್ಥಿಗಳು ಐದು ಕಿಲೋಮೀಟರಿನೊಳಗಿಂದಲೇ ಬರಬಲ್ಲರು. ಈ ಮೂರಕ್ಕೂ ಒಂದೇ ಯೋಜನೆ ಹೊಲಿಸಿದರೆ ಯಾರಿಗೂ ಸರಿಹೊಂದದು.

ಎರಡನೆಯದು ಬಿಸಿಲು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿಯ ತಾಪ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಸರ್ಕಾರವೇ ಈ ವಿಭಾಗದಲ್ಲಿ ಬೇಸಿಗೆಯ ಎರಡು ತಿಂಗಳು ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಬೆಂಗಳೂರಿನಲ್ಲಿ ಚೆನ್ನಾಗಿ ನಡೆದ ಯೋಜನೆಯನ್ನು ಇಲ್ಲಿಗೆ ತರುವ ಮೊದಲು ಅದು ಮಧ್ಯಾಹ್ನ ಎರಡು ಗಂಟೆಯ ಸೇಡಂ ರಸ್ತೆಯಲ್ಲಿ ಬದುಕುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಮೂರನೆಯದು ಹೊತ್ತು. ಬೆಳಿಗ್ಗೆ ಬರಲು ದಾರಿಯಿದ್ದರೆ ಸಾಲದು, ಪ್ರಯೋಗಾಲಯ ಮುಗಿದ ಮೇಲೆ ಮರಳಲು ಯಾವ ವ್ಯವಸ್ಥೆಯಿದೆ ಎಂಬುದೇ ನಿರ್ಣಾಯಕ. ಸಂಜೆಯ ಒಂದು ಬಸ್ ಖಚಿತವಿಲ್ಲ ಎಂದಾದರೆ ವಿದ್ಯಾರ್ಥಿ ಬೆಳಿಗ್ಗೆಯೇ ಬೈಕು ಹತ್ತುತ್ತಾನೆ. ಬೈಕಿಲ್ಲದ ವಿದ್ಯಾರ್ಥಿನಿ ಸಂಜೆಯ ಪ್ರಯೋಗಾಲಯವನ್ನೇ ಕೈಬಿಡುತ್ತಾಳೆ. ಎರಡನೆಯ ನಷ್ಟ ಯಾವ ಪಾರ್ಕಿಂಗ್ ಸಮೀಕ್ಷೆಯಲ್ಲೂ ಕಾಣಿಸುವುದಿಲ್ಲ.

ನಾಲ್ಕನೆಯದು ಖರ್ಚು. ಅದನ್ನು ವಾಹನಕ್ಕೆ ಎಷ್ಟು ಎಂದು ನೋಡದೆ, ಬಂದು ಹೋಗುವ ಒಬ್ಬ ಮನುಷ್ಯನಿಗೆ ಎಷ್ಟು ಎಂದು ನೋಡಬೇಕು. ಐದನೆಯದು ನೆಲ ಮತ್ತು ನಿರ್ವಹಣೆ. ಉದ್ಘಾಟನೆಯ ದಿನ ಹೊಳೆಯುವ ವಸ್ತು ಮೂರನೇ ವರ್ಷ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಇಂದೇ ಯೋಚಿಸಬೇಕು.

ಇವನ್ನೆಲ್ಲ ಅಳೆಯಲು ಸಲಹಾ ಸಂಸ್ಥೆ ಬೇಕಿಲ್ಲ. ಸಾಮಾನ್ಯವಾದ ಒಂದು ವಾರ ಗೇಟಿನಲ್ಲಿ ಎನ್‌ಎಸ್‌ಎಸ್ ವಿದ್ಯಾರ್ಥಿಗಳನ್ನು ನಿಲ್ಲಿಸಿ ಬೆಳಿಗ್ಗೆ ಮತ್ತು ಸಂಜೆ ಎಣಿಸಿ. ವಾಹನಗಳನ್ನಷ್ಟೇ ಎಣಿಸಬೇಡಿ, ಪ್ರತಿ ವಾಹನದಲ್ಲಿ ಎಷ್ಟು ಜನ, ಬಸ್ಸಿನಿಂದ ಎಷ್ಟು ಜನ ಇಳಿದರು, ಟಂಟಂನಲ್ಲಿ, ಅಂದರೆ ಹಂಚಿಕೆ ಆಟೊದಲ್ಲಿ, ಎಷ್ಟು ಜನ ಬಂದರು ಎಂಬುದನ್ನೂ ಬರೆದುಕೊಳ್ಳಿ. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಒಮ್ಮೆ ಸುತ್ತಿ ಬಂದು ಯಾವ ತಾಣ ತುಂಬಿದೆ, ಯಾವುದು ಖಾಲಿಯಿದೆ ಎಂದು ನೋಡಿ. ಒಂದು ವಿಭಾಗದ ಮುಂದೆ ಕಾಲಿಡಲು ಜಾಗವಿಲ್ಲದಿದ್ದಾಗ ಸ್ವಲ್ಪವೇ ದೂರದ ತಾಣ ಅರ್ಧ ಖಾಲಿ ಇರುವುದು ಅನೇಕ ಕ್ಯಾಂಪಸ್ಸುಗಳ ನಿಜ ಸ್ಥಿತಿ. ಕಾರಣ ಸರಳ: ತುಂಬಿದ ಜಾಗದಲ್ಲಿ ಬೇವಿನ ಮರವಿರುತ್ತದೆ, ಖಾಲಿ ಜಾಗದಲ್ಲಿ ಇರುವುದಿಲ್ಲ.

ಪಾರ್ಕಿಂಗ್ ವಿಸ್ತರಣೆ

ಇದರ ಪರವಾದ ಮಾತುಗಳನ್ನು ಮೊದಲು ನ್ಯಾಯವಾಗಿ ಕೇಳೋಣ. ಟೆಂಡರು ಕರೆದರೆ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಬೇರೆ ಇಲಾಖೆಯನ್ನು ಕೇಳಬೇಕಿಲ್ಲ. ದೂರದ ಹಳ್ಳಿಯಿಂದ ಬರುವ, ಬಸ್ ಬದಲಿಸಿ ಬದಲಿಸಿ ಸುಸ್ತಾದ ನೌಕರನಿಗೆ ವಾಹನ ನಿಲ್ಲಿಸಲು ಜಾಗ ಬೇಕೇ ಬೇಕು. ಜ್ಞಾನಗಂಗಾ ಆವರಣ 860 ಎಕರೆಯದು, ಕಡಗಂಚಿಯದು 654 ಎಕರೆ. ಇಷ್ಟು ಜಾಗವಿರುವಾಗ ಒಂದೆರಡು ಎಕರೆ ಕೊಟ್ಟರೇನು ಎಂಬ ಮಾತು ಸಹಜ.

ಲೆಕ್ಕ ಹೀಗಿದೆ. ತೆರೆದ ಪಾರ್ಕಿಂಗಿನಲ್ಲಿ ಓಡಾಟದ ದಾರಿಯೂ ಸೇರಿ ಒಂದು ಕಾರಿಗೆ ಸುಮಾರು 23 ಚದರ ಮೀಟರ್ ಎಂದು ನಗರ ಯೋಜನೆಯವರು ಹಿಡಿಯುತ್ತಾರೆ, ನೆಲಮಾಳಿಗೆಯಾದರೆ 32. ಇನ್ನೂರು ಕಾರಿಗೆ 4,600 ಚದರ ಮೀಟರ್, ಅಂದರೆ ಒಂದು ಎಕರೆಗಿಂತ ಹೆಚ್ಚು. ಅದೇ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ದ್ವಿಚಕ್ರ ವಾಹನಗಳು ನಿಲ್ಲಬಲ್ಲವು. ನಮ್ಮ ಕ್ಯಾಂಪಸ್ಸುಗಳಲ್ಲಿ ಹೆಚ್ಚಿನವರು ಬರುವುದು ಬೈಕು ಸ್ಕೂಟರುಗಳಲ್ಲಿ, ಜಾಗ ನುಂಗುವುದು ಕಾರುಗಳು. ವಿಸ್ತರಣೆ ಮಾಡಲೇಬೇಕಾದರೆ ದ್ವಿಚಕ್ರಕ್ಕೆ ಮಾಡಿ ಎನ್ನಲು ಇಷ್ಟು ಸಾಕು.

ಜಾಗವಿದೆ ಎಂಬ ವಾದ ಸೋಲುವುದು ನಮ್ಮ ನೆಲದ ಮುಂದೆ. ಕಲಬುರಗಿಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಇಂಟರ್‌ಲಾಕ್ ಇಟ್ಟಿಗೆ ಹಾಸಿದರೆ ಒಂದೆರಡು ಮಳೆಗಾಲದಲ್ಲಿ ಅಲೆಅಲೆಯಾಗುತ್ತದೆ. ಮೇಲ್ಮಣ್ಣು ತೆಗೆದು, ಮುರಂ ತುಂಬಿ, ಚೆನ್ನಾಗಿ ದಮ್ಮಸ್ಸು ಮಾಡಿ, ನೀರು ಹರಿದುಹೋಗಲು ಚರಂಡಿ ಬಿಟ್ಟು ಆಮೇಲೆ ಹಾಸಬೇಕು. ಅಂದಾಜುಪಟ್ಟಿಯಲ್ಲಿ ಈ ತಳದ ಕೆಲಸ ಇಲ್ಲದಿದ್ದರೆ ಆ ಪಟ್ಟಿಯನ್ನು ಹಿಂದಕ್ಕೆ ಕಳುಹಿಸಿ. ನೀರು ಇಂಗುವ ಪಾರ್ಕಿಂಗ್ ಎಂದು ಮಾರಾಟಗಾರರು ಹೇಳುವುದೂ ಎರೆ ನೆಲದಲ್ಲಿ ಅಷ್ಟಾಗಿ ನಡೆಯುವುದಿಲ್ಲ, ಜೇಡಿ ನೀರನ್ನು ಬೇಗ ಒಳಗೆ ಬಿಡುವುದಿಲ್ಲ.

ಬೀದರಿನ ಕಥೆ ಬೇರೆ. ಅಲ್ಲಿಯದು ಜಂಬಿಟ್ಟಿಗೆಯ ಪ್ರಸ್ಥಭೂಮಿ, ನೀರು ಸೋಸಿ ಕೆಳಗಿಳಿಯುತ್ತದೆ. ನೌಬಾದಿನ ಕರೇಜ್, ಅಂದರೆ ಬಹಮನಿ ಕಾಲದ ಸುರಂಗ ಬಾವಿ, ಆ ಗುಣವನ್ನು ನಂಬಿಯೇ ಕೊರೆದದ್ದು. ಅಂತಹ ಊರಿನಲ್ಲಿ ಒಂದು ಎಕರೆಗೆ ಡಾಂಬರು ಬಳಿಯುವುದು ಕೆಳಗಿನ ನೀರಿನ ದಾರಿಯನ್ನು ಮುಚ್ಚಿದಂತೆ. ಬೀದರಿನ ಯಾವುದೇ ಕ್ಯಾಂಪಸ್ಸು ಪಾರ್ಕಿಂಗ್ ಮಾಡಿದರೆ ಸಂದು ಬಿಟ್ಟು ಹಾಸಿದ ಕಲ್ಲು, ನಡುವೆ ಹುಲ್ಲು, ಅಂಚಿಗೆ ಮರ ಇಷ್ಟನ್ನೇ ಮಾಡಲಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇನ್ನೊಂದು ತೊಂದರೆಯಿದೆ. ಘಟಿಕೋತ್ಸವ, ಪ್ರವೇಶ ಪರೀಕ್ಷೆ, ನೇಮಕಾತಿ ಪರೀಕ್ಷೆಯ ದಿನಗಳ ಜಾತ್ರೆಯನ್ನು ನೋಡಿ ಪಾರ್ಕಿಂಗಿನ ಗಾತ್ರ ನಿಶ್ಚಯಿಸುವ ರೂಢಿ. ವರ್ಷದಲ್ಲಿ ಬೆರಳೆಣಿಕೆಯ ಆ ದಿನಗಳಿಗೆ ಆಟದ ಮೈದಾನದ ಅಂಚು, ಗುರುತು ಹಾಕಿದ ಬಯಲು, ನಾಲ್ಕು ಸ್ವಯಂಸೇವಕರು ಸಾಕು. ಉಳಿದ ದಿನವೆಲ್ಲ ಕಾದ ಕಾಂಕ್ರೀಟಿನ ಬಯಲನ್ನು ದಾಟಿ ತರಗತಿಗೆ ಹೋಗುವ ಶಿಕ್ಷೆಯನ್ನು ವಿದ್ಯಾರ್ಥಿಗಳಿಗೆ ಕೊಡುವುದೇಕೆ?

ತಡಮಾಡದೆ ಮಾಡಲೇಬೇಕಾದ ಪಾರ್ಕಿಂಗ್ ಕೆಲಸ ಒಂದಿದೆ: ಅಂಗವಿಕಲರಿಗೆ ಮೀಸಲು ಜಾಗ. 3.6 ಮೀಟರ್ ಅಗಲ, 5 ಮೀಟರ್ ಉದ್ದ, ಪ್ರವೇಶದ್ವಾರದಿಂದ 30 ಮೀಟರಿನೊಳಗೆ, ಅಲ್ಲಿಂದ ಬಾಗಿಲಿನವರೆಗೆ ಮೆಟ್ಟಿಲಿಲ್ಲದ ದಾರಿ. ಉಳಿದ ಚರ್ಚೆ ಮುಗಿಯುವವರೆಗೆ ಇದು ಕಾಯಬಾರದು.

ಬಸ್

ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಜನರಿಗೆ ಅತಿ ಕಡಿಮೆ ಹಣದಲ್ಲಿ ಉಪಯೋಗವಾಗುವುದು ಇದೇ. ಆದರೆ ಬಸ್ ಎಂದ ಕೂಡಲೇ ಹೊಗೆ ಕಡಿಮೆಯಾಯಿತು ಎಂದು ತಿಳಿಯುವುದು ತಪ್ಪು, ಹೇಗೆಂದು ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಡೀಸೆಲ್ಲಿಗೆ ಸುಮಾರು 2.7 ಕಿಲೋ. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿನಲ್ಲಿ ಒಬ್ಬನೇ ಹೋದರೆ ಕಿಲೋಮೀಟರಿಗೆ 50 ಗ್ರಾಂ. ಲೀಟರಿಗೆ 15 ಓಡುವ ಕಾರಿನಲ್ಲಿ ಒಬ್ಬನೇ ಹೋದರೆ 150 ಗ್ರಾಂ. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುವ ಬಸ್ 600 ಗ್ರಾಂ ಬಿಡುತ್ತದೆ. ಅದರಲ್ಲಿ ನಲವತ್ತು ಜನರಿದ್ದರೆ ತಲೆಗೆ 15 ಗ್ರಾಂ, ಹತ್ತೇ ಜನರಿದ್ದರೆ 60 ಗ್ರಾಂ. ಅಂದರೆ ಖಾಲಿ ಓಡುವ ಬಸ್ ಸ್ಕೂಟರಿಗಿಂತ ಕೆಟ್ಟದ್ದು. ಬಸ್ಸಿನ ಪ್ರಯೋಜನವೆಲ್ಲ ಅದು ತುಂಬುವುದರಲ್ಲಿದೆ, ತುಂಬುವುದು ವೇಳಾಪಟ್ಟಿಯಲ್ಲಿದೆ.

ಇಲ್ಲಿ ಮೂರು ದಾರಿಗಳಿವೆ. ವಿಶ್ವವಿದ್ಯಾಲಯ ತನ್ನದೇ ಬಸ್ ಕೊಳ್ಳಬಹುದು. ಹೊತ್ತು ನಮ್ಮ ಕೈಯಲ್ಲಿರುತ್ತದೆ ಎಂಬುದು ಅದರ ಬಲ. ಚಾಲಕರ ಸಂಬಳ, ವಿಮೆ, ಅರ್ಹತಾ ಪತ್ರ, ಟೈರು, ಇವನ್ನೆಲ್ಲ ಹೊತ್ತ ಆ ಬಸ್ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಲ್ಲಿ ಸುಮ್ಮನೆ ನಿಂತಿರುತ್ತದೆ ಎಂಬುದು ದೌರ್ಬಲ್ಯ. ಎರಡನೆಯದು, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದಿಂದ ಒಪ್ಪಂದದ ಮೇಲೆ ಬಸ್ ಪಡೆಯುವುದು. ಮೂರನೆಯದು, ಈಗ ಓಡುತ್ತಿರುವ ನಗರ ಸಾರಿಗೆಯ ಹೊತ್ತನ್ನು ತರಗತಿಯ ಹೊತ್ತಿಗೆ ಹೊಂದಿಸಿ, ಬೇಕಾದ ಕಡೆ ಒಂದೆರಡು ಸುತ್ತು ಹೆಚ್ಚಿಸಿಕೊಳ್ಳುವುದು. ಅಂಚಿನಲ್ಲಿರುವ ಕ್ಯಾಂಪಸ್ಸಿಗೆ ಮೂರನೆಯದೇ ಸರಿ. ನಿಗಮದ ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ, ಮಾತನಾಡಲು ಬೆಂಗಳೂರಿಗೆ ಹೋಗಬೇಕಿಲ್ಲ.

ಹೆಚ್ಚುವರಿ ಸುತ್ತಿಗೆ ನಷ್ಟವಾದರೆ ಯಾರು ಭರಿಸಬೇಕು ಎಂದು ನಿಗಮ ಕೇಳುವುದು ನ್ಯಾಯವೇ. ಲೆಕ್ಕಕ್ಕೆಂದು ಕಿಲೋಮೀಟರಿಗೆ ಐವತ್ತು ರೂಪಾಯಿ ಹಿಡಿಯೋಣ. ಇಪ್ಪತ್ತು ಕಿಲೋಮೀಟರಿನ ಒಂದು ಸಂಜೆ ಸುತ್ತಿಗೆ ದಿನಕ್ಕೆ ಸಾವಿರ ರೂಪಾಯಿ, ತರಗತಿ ನಡೆಯುವ 220 ದಿನಕ್ಕೆ 2.2 ಲಕ್ಷ. ಒಂದೇ ಒಂದು ಟಿಕೆಟ್ ಮಾರದಿದ್ದರೂ ಆಗುವ ಗರಿಷ್ಠ ಹೊರೆ ಇಷ್ಟು. ಇಷ್ಟಕ್ಕೆ ಆ ವಿಶ್ವವಿದ್ಯಾಲಯದ ಪ್ರತಿ ವಿದ್ಯಾರ್ಥಿನಿಗೂ ಸಂಜೆಯ ಗ್ರಂಥಾಲಯ ತೆರೆದುಕೊಳ್ಳುತ್ತದೆ. ಇದಕ್ಕಿಂತ ಒಳ್ಳೆಯ ಖರ್ಚು ನನಗೆ ಕಾಣುವುದಿಲ್ಲ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಈ ಹೋಲಿಕೆಯನ್ನೇ ಬದಲಿಸಿದೆ. ರಾಜ್ಯದ ನಿವಾಸಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಆದ್ದರಿಂದ ವಿದ್ಯಾರ್ಥಿನಿ ಬಸ್ ಬಿಟ್ಟು ಸ್ಕೂಟಿ ಕೊಂಡಿದ್ದರೆ ಕಾರಣ ಹಣವಲ್ಲ. ನೂಕುನುಗ್ಗಲು, ತಡ ಅಥವಾ ಭಯ. ಹುಡುಗರಿಗೆ ರಿಯಾಯಿತಿ ಪಾಸ್ ಇದೆ. ಅವರ ಲೆಕ್ಕ ಬೇರೆ: ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಬೈಕಿಗೆ, ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದರೂ, ತಿಂಗಳಿಗೆ ಸಾವಿರ ರೂಪಾಯಿಯಷ್ಟು ಹೋಗುತ್ತದೆ. ಕಡಗಂಚಿಗೆ ಬರುವ ಹೊರರಾಜ್ಯದ ವಿದ್ಯಾರ್ಥಿನಿಯರಿಗೆ ಶಕ್ತಿ ಅನ್ವಯಿಸುವುದಿಲ್ಲ ಎಂಬುದನ್ನು ಅಲ್ಲಿಯ ಸಮಿತಿ ಮರೆಯಬಾರದು. ಬೀದರಿಗೆ ಜಹೀರಾಬಾದ್ ಅಥವಾ ಉದಗೀರ್ ಕಡೆಯಿಂದ ಅಂತರರಾಜ್ಯ ಬಸ್ಸಿನಲ್ಲಿ ಬರುವವರಿಗೂ ಇದೇ ಮಾತು.

ರೈಲನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ವಾಡಿ, ಶಹಾಬಾದ್, ಯಾದಗಿರಿ ಕಡೆಯಿಂದ ಕಲಬುರಗಿಗೆ ರೈಲಿನಲ್ಲಿ ಬಂದು ಓದುವವರಿದ್ದಾರೆ. 2017ರಲ್ಲಿ ಬೀದರ್ ಮಾರ್ಗ ತೆರೆದ ಮೇಲೆ ಹುಮನಾಬಾದ್, ಕಮಲಾಪುರದ ಕಡೆಯವರಿಗೂ ಆ ಅವಕಾಶ ಸಿಕ್ಕಿದೆ. ಬೆಳಗಿನ ರೈಲು ಬಂದ ಹದಿನೈದು ನಿಮಿಷಕ್ಕೆ ನಿಲ್ದಾಣದ ಎದುರಿನಿಂದ ಕ್ಯಾಂಪಸ್ಸಿಗೆ ನೇರ ಬಸ್ ಹೊರಟರೆ ಆ ವಿದ್ಯಾರ್ಥಿಗೆ ಎರಡು ಟಂಟಂ ಬದಲಿಸುವ ಕಷ್ಟ ತಪ್ಪುತ್ತದೆ. ಸೇಡಂ ರಸ್ತೆಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯ, ಮುಂದೆ ವಿಮಾನ ನಿಲ್ದಾಣ ಮೂರೂ ಇವೆ. ಮೂರೂ ಸಂಸ್ಥೆಗಳು ಒಟ್ಟಾಗಿ ಕೇಳಿದರೆ ಬಸ್ ದಿನವಿಡೀ ತುಂಬುತ್ತದೆ. ಒಬ್ಬೊಬ್ಬರೇ ಕೇಳಿದರೆ ಬೆಳಿಗ್ಗೆ ಒಂದು ಹೊತ್ತು ಮಾತ್ರ ತುಂಬುತ್ತದೆ.

ನೆರಳು, ನಡಿಗೆ, ಸೈಕಲ್

ಗೇಟಿನಲ್ಲಿ ಬಸ್ ಇಳಿದ ಮೇಲೆ ವಿಭಾಗಕ್ಕೆ ಒಂದು ಕಿಲೋಮೀಟರ್ ನಡೆಯಬೇಕಾದರೆ ಹದಿನೈದು ನಿಮಿಷ ಬೇಕು. ಜನವರಿಯಲ್ಲಿ ಅದು ಹಿತವಾದ ನಡಿಗೆ, ಏಪ್ರಿಲಿನಲ್ಲಿ ತಲೆಸುತ್ತು. ಆದ್ದರಿಂದ ನೆರಳನ್ನು ಅಲಂಕಾರದ ಪಟ್ಟಿಯಿಂದ ತೆಗೆದು ಸಾರಿಗೆಯ ಬಜೆಟ್ಟಿಗೆ ಸೇರಿಸಬೇಕು. ಬೇವು, ಹೊಂಗೆ, ಹುಣಸೆ ನಮ್ಮ ನೆಲಕ್ಕೆ ಹೊಂದುವ ಮರಗಳು. ಒಣ ಬೇಸಿಗೆಯಲ್ಲೂ ಬೇವು ಹಸಿರಾಗಿರುತ್ತದೆ, ಇದಕ್ಕಿಂತ ದೊಡ್ಡ ಯೋಗ್ಯತೆ ಬೇಕಿಲ್ಲ. ಕಾಲುದಾರಿಯ ಪಶ್ಚಿಮದ ಅಂಚಿಗೆ ನೆಟ್ಟರೆ ಮಧ್ಯಾಹ್ನದ ನಂತರದ ಸುಡುಬಿಸಿಲಿಗೆ ಅಡ್ಡ ಬರುತ್ತವೆ. ಮೊದಲ ಎರಡು ಮೂರು ಬೇಸಿಗೆ ಹನಿ ನೀರು ಕೊಟ್ಟು, ಮೇಕೆಗೆ ಸಿಗದಂತೆ ಬೇಲಿ ಹಾಕಿದರೆ ಆಮೇಲೆ ಅವೇ ನಿಭಾಯಿಸಿಕೊಳ್ಳುತ್ತವೆ. ವನಮಹೋತ್ಸವದ ದಿನ ಸಾವಿರ ಸಸಿ ನೆಟ್ಟು ಮರೆಯುವುದಕ್ಕಿಂತ ಬಸ್ ನಿಲ್ದಾಣದಿಂದ ವಿಭಾಗದವರೆಗೆ ನೂರು ಮರ ಉಳಿಸುವುದು ಮೇಲು. ಮರ ಬೆಳೆಯುವವರೆಗೆ ಕಬ್ಬಿಣದ ಕಂಬಕ್ಕೆ ಹಸಿರು ಪರದೆ ಕಟ್ಟಿದರೂ ಆದೀತು.

ಕಾಲುದಾರಿಗೆ ಹಾಸಲು ಶಹಾಬಾದ್ ಫರಸಿ ಕಲ್ಲು ಕೈಗೆಟಕುವ ದೂರದಲ್ಲಿದೆ. ನುಣುಪು ಮಾಡದೆ ಒರಟು ಮೇಲ್ಮೈಯನ್ನೇ ಬಿಡಿ, ಮಳೆಯಲ್ಲಿ ಜಾರುವುದಿಲ್ಲ. ಕಾಲುದಾರಿಗೆ 1.8 ಮೀಟರ್ ಕನಿಷ್ಠ ಅಗಲ, ಇದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ. ಗಾಲಿಕುರ್ಚಿ ಇಳಿಯುವಂತೆ ಅಂಚಿನಲ್ಲಿ ಇಳಿಜಾರು.

ಸೈಕಲ್ ಬಗ್ಗೆ ನೇರವಾಗಿ ಹೇಳುತ್ತೇನೆ: ನಗರದಿಂದ ಜ್ಞಾನಗಂಗೆಗೆ ಸೇಡಂ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಬನ್ನಿ ಎಂದು ಇಂದು ಯಾವ ವಿದ್ಯಾರ್ಥಿಗೂ ನಾನು ಹೇಳಲಾರೆ. ಸೇಡಂ ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕಡೆಯ ಲಾರಿಗಳು ಓಡುವ ರಸ್ತೆಯದು. ಬೇರ್ಪಟ್ಟ ಪಥವಿಲ್ಲದೆ ಬಣ್ಣದ ಗೆರೆ ಎಳೆದು ಸೈಕಲ್ ಪಥ ಎನ್ನುವುದು ಜೀವದ ಜೊತೆ ಆಟ. ಆವರಣದೊಳಗೆ ಮಾತ್ರ ಸೈಕಲ್ಲಿಗೆ ಸಾಟಿಯಿಲ್ಲ. ಹಾಸ್ಟೆಲಿನಿಂದ ವಿಭಾಗಕ್ಕೆ, ವಿಭಾಗದಿಂದ ಗ್ರಂಥಾಲಯಕ್ಕೆ ಐದು ನಿಮಿಷ. ಮದ್ರಾಸಿನ ಐಐಟಿ ವಿದ್ಯಾರ್ಥಿಗಳ ಮೋಟಾರು ವಾಹನಕ್ಕೆ ಅವಕಾಶವನ್ನೇ ಕೊಡದೆ ಸೈಕಲ್ ಮತ್ತು ಒಳಗಿನ ಬಸ್ಸನ್ನು ನೆಚ್ಚಿಕೊಂಡಿದೆ, ಅದೂ ಚೆನ್ನೈನ ಸೆಕೆಯಲ್ಲಿ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಮಾದರಿಯ ಹಂಚಿಕೆ ಸೈಕಲ್ಲಿಗೆ ತಾಣ, ಬೀಗ, ತಂತ್ರಾಂಶ, ದುರಸ್ತಿ ಸಿಬ್ಬಂದಿ ಎಲ್ಲ ಬೇಕು. ಸಣ್ಣ ಬಜೆಟ್ಟಿನವರು ಅದಕ್ಕೆ ಹೋಗದೆ ಹಾಸ್ಟೆಲ್ ವಿದ್ಯಾರ್ಥಿಗೆ ಸ್ವಂತ ಸೈಕಲ್ ಕೊಳ್ಳಲು ನೆರವು, ಪ್ರತಿ ವಿಭಾಗದ ಎದುರು ಚಾವಣಿಯ ಸ್ಟ್ಯಾಂಡ್, ಗೇಟಿನ ಬಳಿ ಒಬ್ಬ ಪಂಕ್ಚರ್ ಅಂಗಡಿಯವನಿಗೆ ಜಾಗ ಇಷ್ಟು ಮಾಡಿದರೆ ಹೆಚ್ಚು ಕಾಲ ಬಾಳುತ್ತದೆ.

ಬ್ಯಾಟರಿ ಬಂಡಿ ಮತ್ತು ಸೌರ ಚಾವಣಿ

ಬ್ಯಾಟರಿ ಬಂಡಿಯ ಆಸೆ ಎಲ್ಲರಿಗೂ ಇದೆ, ಅದರಲ್ಲಿ ತಪ್ಪಿಲ್ಲ. ಹಿರಿಯ ನಾಗರಿಕರಿಗೆ, ಗರ್ಭಿಣಿಯರಿಗೆ, ಅಂಗವಿಕಲರಿಗೆ, ಪರೀಕ್ಷಾ ವಿಭಾಗಕ್ಕೆ ಹಳ್ಳಿಯಿಂದ ಬರುವ ಪೋಷಕರಿಗೆ ಅದು ನಿಜವಾದ ಉಪಕಾರ. ಆದರೆ ಹತ್ತು ಆಸನದ ಒಂದು ಬಂಡಿ ನೂರು ಜನ ಒಟ್ಟಿಗೆ ಬಸ್ಸಿನಿಂದ ಇಳಿದಾಗ ಏನು ಮಾಡೀತು? ಆ ಜನಸಂದಣಿಗೆ ಉತ್ತರ ಬಸ್ಸನ್ನೇ ಆವರಣದೊಳಗೆ ಒಂದು ಸುತ್ತು ತರುವುದು. ಕೊಳ್ಳುವವರಿಗೆ ಒಂದು ಎಚ್ಚರಿಕೆ: ಸೀಸ-ಆಮ್ಲದ ಬ್ಯಾಟರಿ ನಮ್ಮ ಬಿಸಿಲಿನಲ್ಲಿ ಬೇಗ ಸಾಯುತ್ತದೆ, ತಾಪ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೇ ಕೇಳಿ. ನೆರಳಿನಲ್ಲಿ ಚಾರ್ಜ್ ಮಾಡಿ. ನಿರ್ವಹಣಾ ಒಪ್ಪಂದವಿಲ್ಲದೆ, ದಾನವಾಗಿ ಬಂದರೂ, ತೆಗೆದುಕೊಳ್ಳಬೇಡಿ.

ಸೌರ ಚಾವಣಿ ನನಗೆ ಹೆಚ್ಚು ಇಷ್ಟವಾದ ಹೂಡಿಕೆ, ದುಬಾರಿಯಾದರೂ. 200 ಚದರ ಮೀಟರಿನ ಚಾವಣಿಯ ಕೆಳಗೆ ಅರವತ್ತಕ್ಕೂ ಹೆಚ್ಚು ದ್ವಿಚಕ್ರ ವಾಹನಗಳಿಗೆ ನೆರಳು. ಮೇಲೆ 30 ಕಿಲೋವ್ಯಾಟ್ ಫಲಕ ಕೂರುತ್ತದೆ, ದಿನಕ್ಕೆ ಸರಾಸರಿ 120 ಯೂನಿಟ್ ಸಿಗುತ್ತದೆ. ಇಪ್ಪತ್ತು ಕಿಲೋಮೀಟರ್ ಓಡುವ ವಿದ್ಯುತ್ ಸ್ಕೂಟರಿಗೆ ಬೇಕಾದದ್ದು ಯೂನಿಟ್ಟಿಗಿಂತ ಕಡಿಮೆ. ಉಳಿದದ್ದು ವಿಭಾಗದ ಫ್ಯಾನಿಗೆ, ಕಂಪ್ಯೂಟರಿಗೆ. ಪಾರ್ಕಿಂಗ್ ಬೇಕೇ ಬೇಕು ಎಂಬವರ ಮತ್ತು ಹಸಿರು ಬೇಕು ಎಂಬವರ ನಡುವಿನ ಜಗಳ ಇಲ್ಲಿ ತಣ್ಣಗಾಗುತ್ತದೆ. ಧೂಳಿನ ಊರು ನಮ್ಮದು. ಫಲಕ ಒರೆಸುವ ಕೆಲಸವನ್ನು ಯಾರ ಹೆಸರಿಗೆ ಬರೆಯುತ್ತೀರಿ ಎಂಬುದು ಮಾತ್ರ ಮೊದಲೇ ತೀರ್ಮಾನವಾಗಲಿ.

ಕಾರು ಹಂಚಿಕೆ, ಪಾರ್ಕಿಂಗ್ ಶುಲ್ಕ

ಒಂದೇ ಬಡಾವಣೆಯಲ್ಲಿರುವ ಮೂವರು ಅಧ್ಯಾಪಕರು ಸರದಿಯ ಮೇಲೆ ಕಾರು ತಂದರೆ ಎರಡು ಕಾರಿನ ಜಾಗ ಉಳಿಯಿತು, ಖರ್ಚು ಸೊನ್ನೆ. ಬಿಳಿ ನಂಬರ್ ಫಲಕದ ಖಾಸಗಿ ಕಾರಿನಲ್ಲಿ ಬಾಡಿಗೆ ಪಡೆಯುವುದು ಕಾನೂನಿಗೆ ಒಪ್ಪದ ಮಾತು, ಆದ್ದರಿಂದ ಸರದಿಯೇ ಸರಿ. ಮೂವರು ಬಂದ ಕಾರಿಗೆ ಗೇಟಿನ ಹತ್ತಿರದ ನೆರಳಿನ ಜಾಗ ಮೀಸಲಿಡಿ. ಇದು ನೌಕರರಿಗೆ ಒಪ್ಪುತ್ತದೆ, ತರಗತಿಯ ಹೊತ್ತು ದಿನಕ್ಕೊಂದಾಗಿರುವ ವಿದ್ಯಾರ್ಥಿಗಳಿಗೆ ಅಷ್ಟಾಗಿ ಒಪ್ಪದು.

ಶುಲ್ಕದ ಮಾತೆತ್ತಿದರೆ ಸಭೆ ಗದ್ದಲವಾಗುತ್ತದೆ. ಬಸ್ ಸರಿಯಾಗುವ ಮೊದಲು ಶುಲ್ಕ ಹಾಕುವುದು ಅನ್ಯಾಯ, ಅದರಲ್ಲಿ ನನಗೆ ಸಂದೇಹವಿಲ್ಲ. ಬಸ್ ಸರಿಯಾದ ಮೇಲೆ ಕಾರಿಗೆ ಶುಲ್ಕ ಹಾಕದಿರುವುದೂ ಅನ್ಯಾಯವೇ, ಏಕೆಂದರೆ ನಡೆದು ಬರುವವನ ಪಾಲಿನ ಹಣದಲ್ಲಿ ಕಾರಿನವನ ಜಾಗ ಕಟ್ಟಿರುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ 1991ರಲ್ಲಿ ಪಾರ್ಕಿಂಗ್ ದರ ಏರಿಸುವುದರ ಜೊತೆಗೇ ಎಲ್ಲರಿಗೂ ಅಗ್ಗದ ಬಸ್ ಪಾಸ್ ಕೊಟ್ಟಿತು. ಎರಡೂ ಒಟ್ಟಿಗೆ ನಡೆದದ್ದೇ ಅದರ ಗುಟ್ಟು. ವಾರ್ಷಿಕ ಪಾಸಿಗಿಂತ ದಿನದ ಚೀಟಿ ಉತ್ತಮ. ವರ್ಷದ ಹಣ ಕಟ್ಟಿದವನು ದಿನಾಲೂ ಕಾರು ತಂದು ಅದನ್ನು ವಸೂಲು ಮಾಡಲು ನೋಡುತ್ತಾನೆ, ದಿನಕ್ಕೆ ಕೊಡುವವನು ದಿನವೂ ಯೋಚಿಸುತ್ತಾನೆ. ಗುತ್ತಿಗೆ ನೌಕರರಿಗೆ, ಅಂಗವಿಕಲರಿಗೆ, ದ್ವಿಚಕ್ರದ ವಿದ್ಯಾರ್ಥಿಗಳಿಗೆ ಶುಲ್ಕ ಬೇಡ. ಬಂದ ಹಣ ಸಂಜೆ ಬಸ್ಸಿಗೆ ಹೋಗುತ್ತದೆ ಎಂದು ಫಲಕದಲ್ಲಿ ಬರೆದು ಹಾಕಿ, ಲೆಕ್ಕವನ್ನೂ ತೋರಿಸಿ.

ಯಾರಿಗೆ ಯಾವುದು

ನಗರದೊಳಗಿನ ಕ್ಯಾಂಪಸ್ಸಾದರೆ ಜಾಗವೇ ಇಲ್ಲ, ಆದ್ದರಿಂದ ಪಾರ್ಕಿಂಗ್ ವಿಸ್ತರಣೆಯನ್ನು ಮರೆತುಬಿಡಿ. ಬಹುಮಹಡಿ ಪಾರ್ಕಿಂಗಿನ ಹಣದಲ್ಲಿ ಸುತ್ತಲಿನ ರಸ್ತೆಯ ಕಾಲುದಾರಿ, ಸೈಕಲ್ ಸ್ಟ್ಯಾಂಡ್, ನೌಕರರ ಕಾರು ಹಂಚಿಕೆ ಎಲ್ಲ ಆಗಿ ಮಿಗುತ್ತದೆ. ಮಕ್ಕಳನ್ನು ಇಳಿಸುವ ಆಟೊಗಳಿಗೆ ಒಂದು ನಿಗದಿತ ತಂಗುದಾಣ ಕೊಟ್ಟರೆ ಗೇಟಿನ ಮುಂದಿನ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಜ್ಞಾನಗಂಗೆಯಂತೆ ನಗರದ ಅಂಚಿನ ದೊಡ್ಡ ಆವರಣಕ್ಕೆ ಬಸ್ ಮೊದಲು, ನೆರಳಿನ ಕಾಲುದಾರಿ ಎರಡನೆಯದು. ಒಂದೆರಡು ಲಕ್ಷ ಮಾತ್ರ ಇದ್ದರೆ ಸಂಜೆಯ ಬಸ್ ಸುತ್ತಿಗೆ ಕೊಡಿ. ಹತ್ತಿಪ್ಪತ್ತು ಲಕ್ಷವಿದ್ದರೆ ಮರ, ಫರಸಿ, ಸೈಕಲ್ ಸ್ಟ್ಯಾಂಡ್, ಅಂಗವಿಕಲರ ಜಾಗ. ಇನ್ನೂ ದೊಡ್ಡ ಮೊತ್ತವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಂತಹ ಕಡೆಯಿಂದ ಕೇಳುವುದಾದರೆ ಸೌರ ಚಾವಣಿಗೆ ಕೇಳಿ, ಬರಿಯ ಕಾಂಕ್ರೀಟಿಗೆ ಬೇಡ.

ಕಡಗಂಚಿಯಂತೆ ದೂರದ, ಹಾಸ್ಟೆಲ್ ಹೆಚ್ಚಿರುವ ಕ್ಯಾಂಪಸ್ಸಿನಲ್ಲಿ ದಿನನಿತ್ಯದ ಓಡಾಟ ಒಳಗೇ ನಡೆಯುತ್ತದೆ. ಅಲ್ಲಿ ಸೈಕಲ್ ರಾಜ. ನಗರಕ್ಕೆ ಹೋಗುವುದು ವಾರಾಂತ್ಯಕ್ಕೆ, ಆಸ್ಪತ್ರೆಗೆ, ರೈಲಿಗೆ. ಆದ್ದರಿಂದ ಬೆಳಿಗ್ಗೆಯ ಬಸ್ಸಿಗಿಂತ ಶುಕ್ರವಾರ ಸಂಜೆ ಹಾಗೂ ಭಾನುವಾರ ರಾತ್ರಿಯ ರೈಲಿಗೆ ಹೊಂದುವ ಬಸ್ ಮುಖ್ಯ. ಒಪ್ಪಂದದ ಬಸ್ಸಿಗೆ ಹಣ ಕೊಡುವುದು ಇಲ್ಲಿ ಮಾತ್ರ ಸಮಂಜಸ.

ಬೀದರ್ ಎತ್ತರದಲ್ಲಿರುವುದರಿಂದ ಕಲಬುರಗಿಗಿಂತ ಕೊಂಚ ತಂಪು, ಸೈಕಲ್ಲಿಗೆ ಅಲ್ಲಿ ಹೆಚ್ಚು ಅವಕಾಶವಿದೆ. ಪಶುವೈದ್ಯಕೀಯ ವಿಶ್ವವಿದ್ಯಾಲಯದಂತಹ ಕಡೆ ರೋಗಿ ದನಕರುಗಳನ್ನು ತರುವ ಟೆಂಪೋಗಳಿಗೆ ಆಸ್ಪತ್ರೆಯ ಬಳಿ ಜಾಗ ಮುಕ್ತವಾಗಿರಬೇಕು. ಅಲ್ಲಿ ಪಾರ್ಕಿಂಗ್ ನಿಯಮ ಬಿಗಿಗೊಳಿಸುವಾಗ ರೈತನನ್ನು ಗೇಟಿನಲ್ಲಿ ನಿಲ್ಲಿಸಬಾರದು. ಯಾದಗಿರಿಯ ಕಾಲೇಜುಗಳು ಹೊಸದಾಗಿ ಬೆಳೆಯುತ್ತಿವೆ, ಇದೇ ಅವುಗಳ ಭಾಗ್ಯ. ಕಟ್ಟಡದ ನಕ್ಷೆಯಲ್ಲೇ ಬಸ್ ನಿಲ್ದಾಣವನ್ನು ಬಾಗಿಲಿಗೆ ಹತ್ತಿರ, ಕಾರು ನಿಲುಗಡೆಯನ್ನು ಹಿಂದಕ್ಕೆ ಇಟ್ಟರೆ ಮುಂದೆ ಒಡೆದು ಕಟ್ಟುವ ಖರ್ಚಿಲ್ಲ.

ತೀರ್ಮಾನ ಏನೇ ಆಗಲಿ, ಕೆಲಸಕ್ಕೆ ಕಾಲವಿದೆ. ಎಣಿಕೆಯನ್ನು ಜನವರಿ ಫೆಬ್ರುವರಿಯಲ್ಲಿ, ತರಗತಿಗಳು ತುಂಬಿರುವಾಗ ಮುಗಿಸಿ. ಬೇಸಿಗೆಯ ವೇಳೆ ಬದಲಾಗುವುದು ಏಪ್ರಿಲಿನಲ್ಲಿ, ಮಧ್ಯಾಹ್ನ 1.30ರ ನಂತರದ ಬಸ್ಸಿಗೆ ಮಾರ್ಚಿನಲ್ಲೇ ಪತ್ರ ಹೋಗಿರಬೇಕು. ಗುಂಡಿ ತೋಡುವುದು ಮೇ ತಿಂಗಳಲ್ಲಿ, ಸಸಿ ನೆಡುವುದು ಮೊದಲ ಮಳೆ ಬಿದ್ದ ಮೇಲೆ. ಹೊಸ ಶೈಕ್ಷಣಿಕ ವರ್ಷದ ತರಗತಿ ವೇಳಾಪಟ್ಟಿ ಸಿದ್ಧವಾದ ದಿನವೇ ಅದರ ಒಂದು ಪ್ರತಿಯನ್ನು ನಿಗಮದ ವಿಭಾಗೀಯ ಕಚೇರಿಗೆ ತಲುಪಿಸಿ, ಜೊತೆಗೆ ಯಾವ ಹೊತ್ತಿಗೆ ಎಷ್ಟು ಜನ ಎಂಬ ನಿಮ್ಮ ಎಣಿಕೆಯ ಹಾಳೆಯನ್ನೂ ಲಗತ್ತಿಸಿ.